ವಿಮ್ ಕಲಿಯುವಾಗ ಸಿಕ್ಕಿಹಾಕಿಕೊಂಡರೆ ಸಹಾಯ ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಪರದೆಯಲ್ಲಿ, ಫೈಲ್ ತಿದ್ದುವ ಎಡಿಟರ್ ಆದ ವಿಮ್ ಕಲಿಯಲು ಕೂತವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಇದು ವಿಮ್‌ನ ಪೂರ್ತಿ ಪಾಠ ಅಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡಾಗ ಉತ್ತರ ಹುಡುಕಿಕೊಳ್ಳೋದು ಹೇಗೆ ಅನ್ನೋದಷ್ಟೇ ಇಲ್ಲಿದೆ.

ಕಮಾಂಡ್‌ಗಳನ್ನು ಕನ್ನಡದಲ್ಲಿ, ಓದಿದ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ.

ಮೊದಲು ಇದನ್ನು ಹೇಳಿ, ಹೊರಗೆ ಬರೋದು ಹೇಗೆ?

ಎಸ್ಕೇಪ್ ಒತ್ತಿ. ಬೇಕಾದರೆ ಎರಡು ಸಲ ಒತ್ತಿ, ಏನೂ ಆಗಲ್ಲ. ಆಮೇಲೆ ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಬದಲಾವಣೆ ಯಾವುದೂ ಉಳಿಯುವುದಿಲ್ಲ, ಫೈಲ್ ಮೊದಲಿದ್ದ ಹಾಗೇ ಇರುತ್ತದೆ. ಬರೆದದ್ದು ಉಳಿಯಬೇಕು ಅಂದರೆ ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್.

ಇದನ್ನು ಕೇಳೋಕೆ ನಾಚಿಕೆ ಪಡಬೇಡಿ. ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳುವ ತಾಣ ಸ್ಟಾಕ್ ಓವರ್‌ಫ್ಲೋನಲ್ಲಿ 2012ರಲ್ಲಿ ಒಬ್ಬರು ಇದೇ ಪ್ರಶ್ನೆ ಕೇಳಿದ್ದರು. 2017ರ ಹೊತ್ತಿಗೆ ಆ ಪುಟವನ್ನು 10 ಲಕ್ಷ ಸಲ ನೋಡಲಾಗಿತ್ತು. ಅಷ್ಟೂ ಜನ ದಡ್ಡರೇನಲ್ಲ. ಬೇರೆ ಎಲ್ಲಾ ಕಡೆ ಕೀ ಒತ್ತಿದರೆ ಅಕ್ಷರ ಮೂಡುತ್ತದೆ, ಇಲ್ಲಿ ಕಮಾಂಡ್ ಕೊಡುವ ಸ್ಥಿತಿಯಾದ ನಾರ್ಮಲ್ ಮೋಡ್‌ನಲ್ಲಿ ಕೀ ಒತ್ತಿದರೆ ಕೆಲಸ ನಡೆಯುತ್ತದೆ. ಈ ಒಂದು ವಿಷಯವನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ಗಾಬರಿಯಲ್ಲಿ ಸಿಕ್ಕ ಸಿಕ್ಕ ಕೀ ಒತ್ತಿ, ಪರದೆಯ ಕೆಳಗೆ ‘ರೆಕಾರ್ಡಿಂಗ್’ ಅಂತ ಬಂದಿದ್ದರೆ ನೀವು ಕ್ಯೂ ಒತ್ತಿ ಮ್ಯಾಕ್ರೋ, ಅಂದರೆ ಒತ್ತಿದ ಕೀಗಳನ್ನು ದಾಖಲಿಸುವುದು, ಶುರು ಮಾಡಿದ್ದೀರಿ ಅಂತ ಅರ್ಥ. ಎಸ್ಕೇಪ್ ಒತ್ತಿ, ಮತ್ತೆ ಒಂದು ಸಲ ಕ್ಯೂ ಒತ್ತಿದರೆ ನಿಲ್ಲುತ್ತದೆ.

ಕಲಿಯೋದು ಎಲ್ಲಿಂದ ಶುರು ಮಾಡಲಿ?

ವಿಮ್‌ಟ್ಯೂಟರ್‌ನಿಂದ. ಯೂಟ್ಯೂಬ್ ಆಮೇಲೆ ನೋಡಿ. ವಿಮ್ ಒಳಗೆ ಅಲ್ಲ, ಟರ್ಮಿನಲ್‌ನಲ್ಲೇ ‘ವಿಮ್‌ಟ್ಯೂಟರ್’ ಅಂತ ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಪಾಠದ ಫೈಲ್ ತೆರೆದುಕೊಳ್ಳುತ್ತದೆ. ಅದು ಮೂಲ ಫೈಲ್‌ನ ಪ್ರತಿ, ಹಾಗಾಗಿ ಏನು ಬೇಕಾದರೂ ಅಳಿಸಿ, ಕೆಡಿಸಿ. ವಿಮ್‌ನಿಂದಲೇ ಹುಟ್ಟಿದ ಇನ್ನೊಂದು ಎಡಿಟರ್ ನಿಯೋವಿಮ್ ಇದ್ದವರು ಅದರ ಒಳಗೆ ಕೋಲನ್ ಒತ್ತಿ, ಮೊದಲಕ್ಷರ ದೊಡ್ಡದು ಮಾಡಿ ‘ಟ್ಯೂಟರ್’ ಅಂತ ಕೊಡಬೇಕು.

ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಒಂದೇ ಸಲ ಮಾಡಿ ಬಿಡಬೇಡಿ. ಇವತ್ತು ಒಂದು ಸಲ, ನಾಳೆ ಒಂದು ಸಲ, ಎರಡು ದಿನ ಬಿಟ್ಟು ಇನ್ನೊಂದು ಸಲ ಮಾಡಿ. ಸುಮ್ನೆ ಓದಿಕೊಂಡು ಹೋದರೆ ಏನೂ ಉಳಿಯಲ್ಲ, ಅದು ‘ಈ ಸಾಲು ಅಳಿಸು’ ಅಂದಾಗ ನೀವು ಅಳಿಸಲೇಬೇಕು. ಇದು ಬೆರಳಿನ ಕಲಿಕೆ, ಸೈಕಲ್ ಹೊಡೆದ ಹಾಗೆ.

ಅಲ್ಲಿ ಮೊದಲ ಪಾಠದಲ್ಲೇ ಬಾಣದ ಕೀ ಬಿಟ್ಟು ಎಚ್, ಜೆ, ಕೆ, ಎಲ್ ಬಳಸಿ ಅಂತ ಹೇಳುತ್ತದೆ. ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ವಿಮ್‌ಗೆ ಅಣ್ಣನಂತಿರುವ ವಿಐ ಎಡಿಟರನ್ನು ಬಿಲ್ ಜಾಯ್ ಅವರು 1976ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬರೆದರು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣಗಳಿಗೆ ಬೇರೆ ಕೀಗಳೇ ಇರಲಿಲ್ಲ, ಈ ನಾಲ್ಕು ಅಕ್ಷರಗಳ ಕೀ ಮೇಲೇ ಬಾಣದ ಗುರುತು ಅಚ್ಚು ಹಾಕಿತ್ತು. ನಿಮಗೆ ಕಷ್ಟ ಅನ್ನಿಸಿದರೆ ಮೊದಲ ವಾರ ಬಾಣದ ಕೀಗಳನ್ನೇ ಬಳಸಿ, ತಪ್ಪೇನಿಲ್ಲ.

ವಿಮ್‌ಟ್ಯೂಟರ್ ಅಂತ ಕೊಟ್ಟರೆ ‘ಕಮಾಂಡ್ ನಾಟ್ ಫೌಂಡ್’ ಅಂತಿದೆ. ಹೆಲ್ಪ್ ಕೂಡ ಬರ್ತಿಲ್ಲ.

ನಿಮ್ಮದು ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರಬೇಕು. ಅವುಗಳಲ್ಲಿ ಎಷ್ಟೋ ಸಲ ಮೊದಲಿಂದ ಇರುವುದು ವಿಮ್-ಟೈನಿ ಅನ್ನುವ ಚಿಕ್ಕ ಪ್ಯಾಕೇಜ್. ಅದರಲ್ಲಿ ಟ್ಯೂಟರ್ ಇಲ್ಲ, ಹೆಲ್ಪ್ ಪುಟಗಳೂ ಇಲ್ಲ. ‘ಸುಡೋ ಆಪ್ಟ್ ಇನ್‌ಸ್ಟಾಲ್ ವಿಮ್’ ಕೊಟ್ಟು ಪೂರ್ತಿ ವಿಮ್ ಹಾಕಿಕೊಳ್ಳಿ. ಆಫೀಸಿನ ಸರ್ವರ್ ಆಗಿದ್ದು ನಿಮಗೆ ಅನುಮತಿ ಇಲ್ಲದಿದ್ದರೆ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು, ಹೆಲ್ಪನ್ನು ಅಲ್ಲಿ ಓದಿ, ಕೆಲಸ ಇಲ್ಲಿ ಮಾಡಿ.

ಹೆಲ್ಪ್ ತೆರೆದೆ. ಸಮುದ್ರದ ಹಾಗಿದೆ. ಬೇಕಾದ್ದು ಹುಡುಕೋದು ಹೇಗೆ?

ಇದೇ ಮುಖ್ಯ ಪ್ರಶ್ನೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ವಿಮ್ ಹೆಲ್ಪನ್ನು ಮೊದಲ ಪುಟದಿಂದ ಓದೋಕೆ ಹೋದರೆ ಯಾರಿಗಾದರೂ ಸುಸ್ತಾಗುತ್ತದೆ. ಅದನ್ನು ಡಿಕ್ಷನರಿ ತರಹ ಬಳಸಬೇಕು. ಯಾವ ಪದದ ಕೆಳಗೆ ಹುಡುಕಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಓಡಾಡೋದು ಕಲಿಯಿರಿ. ಕೋಲನ್ ಒತ್ತಿ ‘ಹೆಲ್ಪ್’ ಅಂತ ಕೊಟ್ಟರೆ ಪರದೆ ಎರಡು ಭಾಗವಾಗಿ ಹೆಲ್ಪ್ ಮೇಲೆ ತೆರೆಯುತ್ತದೆ. ಬೇರೆ ಬಣ್ಣದಲ್ಲಿ ಕಾಣುವ ಪದಗಳು ಲಿಂಕ್‌ಗಳು. ಕರ್ಸರ್ ಅದರ ಮೇಲಿಟ್ಟು ಕಂಟ್ರೋಲ್ ಹಿಡಿದು ಬಲಗಡೆಯ ಚೌಕ ಬ್ರಾಕೆಟ್ ಒತ್ತಿದರೆ ಆ ವಿಷಯಕ್ಕೆ ಹೋಗುತ್ತೀರಿ. ವಾಪಸ್ ಬರಲು ಕಂಟ್ರೋಲ್ ಮತ್ತು ಟಿ. ಮುಚ್ಚಲು ಕೋಲನ್ ಮತ್ತು ಕ್ಯೂ. ಈ ಮೂರು ಕಮಾಂಡ್ ಬೆರಳಿಗೆ ಬಂದರೆ ಹೆಲ್ಪ್‌ನ ಭಯ ಹೋಗುತ್ತದೆ.

ಈಗ ಹುಡುಕೋದು. ನಾನು ಯಾವಾಗಲೂ ತೋರಿಸುವ ಉದಾಹರಣೆ ಇದು. ಕೋಲನ್ ಒತ್ತಿ ‘ಹೆಲ್ಪ್ ಅನ್‌ಡು’ ಅಂತ ಟೈಪ್ ಮಾಡಿ, ಆದರೆ ಎಂಟರ್ ಒತ್ತಬೇಡಿ. ಕಂಟ್ರೋಲ್ ಮತ್ತು ಡಿ ಒತ್ತಿ. ಆ ಪದ ಇರುವ ಎಲ್ಲಾ ವಿಷಯಗಳ ಪಟ್ಟಿ ಪರದೆ ತುಂಬಾ ಬರುತ್ತದೆ: ಅನ್‌ಡು-ರೀಡು, ಅನ್‌ಡು-ಟ್ರೀ, ಅನ್‌ಡು-ಪರ್ಸಿಸ್ಟೆನ್ಸ್ ಹೀಗೆ. ನೀವು ಕೇಳಬೇಕು ಅಂತಿದ್ದದ್ದು ‘ಅನ್‌ಡು ಮಾಡಿದ್ದನ್ನು ಮತ್ತೆ ತರೋದು ಹೇಗೆ’ ಅಂತ ಅಷ್ಟೇ, ಉತ್ತರ ಕಂಟ್ರೋಲ್ ಮತ್ತು ಆರ್. ಆದರೆ ಆ ಪಟ್ಟಿ ಹಿಡಿದು ಇನ್ನೊಂದು ಹೆಜ್ಜೆ ಹೋದರೆ ‘ಅರ್ಲಿಯರ್’ ಅನ್ನುವ ಕಮಾಂಡ್ ಸಿಗುತ್ತದೆ. ಕೋಲನ್ ಒತ್ತಿ ‘ಅರ್ಲಿಯರ್’, ಒಂದು ಸ್ಪೇಸ್, 10, ಅದಕ್ಕೆ ಅಂಟಿಸಿ ಎಂ ಅಂತ ಕೊಟ್ಟರೆ ಫೈಲ್ ಹತ್ತು ನಿಮಿಷದ ಹಿಂದೆ ಹೇಗಿತ್ತೋ ಹಾಗೆ ಆಗುತ್ತದೆ! ಇದನ್ನು ಮೊದಲ ಸಲ ನೋಡಿದ ದಿನ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಪಟ್ಟಿಯಲ್ಲಿ ಕಣ್ಣಾಡಿಸುವಾಗ ಸಿಕ್ಕಿದ್ದು.

ಇನ್ನೊಂದು ಮುಖ್ಯ ಗುಟ್ಟು. ಒಂದೇ ಕೀ ಬೇರೆ ಬೇರೆ ಮೋಡ್‌ನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದಲ್ವಾ, ಹಾಗಾಗಿ ಯಾವ ಮೋಡ್ ಅಂತ ಹೆಲ್ಪ್‌ಗೆ ಹೇಳಬೇಕು. ಬರೀ ‘ಹೆಲ್ಪ್ ಯು’ ಅಂದರೆ ನಾರ್ಮಲ್ ಮೋಡ್‌ನ ಯು, ಅಂದರೆ ಅನ್‌ಡು. ಯುಗೆ ಮೊದಲು ವಿ ಅಕ್ಷರ ಮತ್ತು ಅಂಡರ್‌ಸ್ಕೋರ್ ಸೇರಿಸಿದರೆ ಪಠ್ಯ ಆಯ್ದುಕೊಳ್ಳುವ ವಿಶುವಲ್ ಮೋಡ್‌ನ ಯು, ಅದು ಆಯ್ದ ಪಠ್ಯವನ್ನು ಸಣ್ಣಕ್ಷರ ಮಾಡುತ್ತದೆ. ಐ ಮತ್ತು ಅಂಡರ್‌ಸ್ಕೋರ್ ಸೇರಿಸಿದರೆ ಅಕ್ಷರ ಟೈಪ್ ಮಾಡುವ ಇನ್ಸರ್ಟ್ ಮೋಡ್. ಪದದ ಹಿಂದೆ ಕೋಲನ್ ಇಟ್ಟರೆ ಕೋಲನ್ ಕಮಾಂಡ್‌ಗಳ ವಿವರ. ಸೆಟ್ಟಿಂಗ್ ಬಗ್ಗೆ ಕೇಳುವುದಾದರೆ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಗಳ ಒಳಗೆ ಇಡಬೇಕು. ಹೊಸಬರು ‘ಹೆಲ್ಪ್‌ನಲ್ಲಿ ಇದು ಇಲ್ಲ’ ಅಂತ ಬಿಟ್ಟುಬಿಡುವುದು ಜಾಸ್ತಿ ಇಲ್ಲೇ. ಉತ್ತರ ಇರುತ್ತದೆ, ಕೇಳಿದ ರೀತಿ ಬೇರೆ ಇರುತ್ತದೆ.

ಯಾವ ಹೆಸರೂ ಹೊಳೆಯದಿದ್ದರೆ ‘ಹೆಲ್ಪ್‌ಗ್ರೆಪ್’ ಬಳಸಿ. ಅದು ಎಲ್ಲಾ ಹೆಲ್ಪ್ ಫೈಲ್‌ಗಳ ಒಳಗಿನ ಮಾತುಗಳನ್ನೂ ಹುಡುಕುತ್ತದೆ. ಸಿಕ್ಕಿದ್ದರ ಪಟ್ಟಿ ನೋಡಲು ಕೋಲನ್ ಒತ್ತಿ ‘ಸಿಓಪನ್’.

ಓದಲೇಬೇಕು ಅನ್ನುವವರಿಗೆ ‘ಹೆಲ್ಪ್ ಯೂಸರ್-ಮ್ಯಾನ್ಯುಯಲ್’ ಇದೆ. ಅದು ಅಧ್ಯಾಯ ಅಧ್ಯಾಯವಾಗಿ, ಮೇಷ್ಟ್ರು ಹೇಳಿಕೊಟ್ಟ ಹಾಗೆ ಇದೆ. ಟ್ಯೂಟರ್ ಮುಗಿಸಿದವರು ದಿನಕ್ಕೆ ಒಂದು ಅಧ್ಯಾಯ ಓದಿ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾವ ಪದ ಹುಡುಕಬೇಕು ಅಂತಲೇ ಗೊತ್ತಾಗಲ್ಲ.

ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಇದೇ ತೊಂದರೆ ಆಗುತ್ತದೆ, ನಿಜವಾಗಿ ಹೇಳುತ್ತಿದ್ದೇನೆ. ವಿಮ್‌ನ ಪದಗಳು ಹಳೆಯವು. ನಾವು ಕಾಪಿ ಅನ್ನೋದಕ್ಕೆ ಅಲ್ಲಿ ಯಾಂಕ್ ಅಂತಾರೆ. ಪೇಸ್ಟ್ ಅನ್ನೋದಕ್ಕೆ ಪುಟ್. ಕಾಪಿ ಮಾಡಿದ್ದು ಹೋಗಿ ಕೂರುವ ಜಾಗ ರಿಜಿಸ್ಟರ್. ತೆರೆದಿರುವ ಫೈಲ್‌ನ ಪಠ್ಯ ಬಫರ್. ಅದನ್ನು ನೋಡುವ ಪರದೆಯ ಭಾಗ ವಿಂಡೋ. ‘ಅಳಿಸು’, ‘ಬದಲಿಸು’ ತರಹದ ಕ್ರಿಯೆ ಆಪರೇಟರ್, ‘ಮುಂದಿನ ಪದದವರೆಗೆ’, ‘ಸಾಲಿನ ಕೊನೆಯವರೆಗೆ’ ಅನ್ನೋದು ಮೋಷನ್. ಈ ಏಳು ಪದ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ. ಗೂಗಲ್‌ನಲ್ಲಿ ಹುಡುಕುವಾಗಲೂ ಈ ಪದಗಳೇ ಸರಿಯಾದ ಪುಟಕ್ಕೆ ಕರೆದುಕೊಂಡು ಹೋಗುತ್ತವೆ.

ವಿಮ್‌ಟ್ಯೂಟರ್ ಸ್ಪ್ಯಾನಿಷ್, ಜಪಾನೀಸ್, ಟರ್ಕಿಷ್ ಹೀಗೆ ಎಷ್ಟೋ ಭಾಷೆಗಳಲ್ಲಿದೆ. ನಾನು ನೋಡಿದ ಆವೃತ್ತಿಗಳಲ್ಲಿ ಕನ್ನಡ ಇಲ್ಲ. ನಮ್ಮಲ್ಲಿ ಇಷ್ಟು ಜನ ಇದೇ ಕೆಲಸದಲ್ಲಿದ್ದೂ ಇಲ್ಲ ಅನ್ನೋದು ನನಗೆ ಬೇಜಾರಿನ ಸಂಗತಿ. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೆ ಬಂದ ಹುಡುಗಿಯೊಬ್ಬಳು ಟ್ಯೂಟರ್‌ನ ಒಂದೊಂದು ಸಾಲನ್ನೂ ನೋಟ್‌ಬುಕ್‌ನಲ್ಲಿ ಕನ್ನಡಕ್ಕೆ ಬರೆದುಕೊಂಡು ಕಲಿತದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮೂರನೇ ದಿನ ಅವಳಿಗೆ ನೋಟ್‌ಬುಕ್ ಬೇಕಾಗಲಿಲ್ಲ. ಟ್ಯೂಟರ್‌ನ ಇಂಗ್ಲಿಷ್ ಸರಳವಾಗಿದೆ, ವಾಕ್ಯಗಳು ಚಿಕ್ಕವು, ಅದಕ್ಕೆ ಹೆದರಬೇಡಿ.

ಕೆಂಪಗೆ ಏನೋ ಎರರ್ ಬಂತು, ‘ಇ’ ಅಂತ ಶುರುವಾಗುವ ನಂಬರ್ ಇದೆ.

ಆ ನಂಬರನ್ನೇ ಹೆಲ್ಪ್‌ಗೆ ಕೊಡಿ. ‘ಹೆಲ್ಪ್ ಇ37’ ಅಂದರೆ ಇ37ರ ವಿವರ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಎರರ್‌ನ ಫೋಟೊ ತೆಗೆದು ಯಾರಿಗೋ ಕಳಿಸಿ ಕಾಯುತ್ತಾ ಕೂರುತ್ತಾರೆ.

ಇ37 ಅಂದರೆ ನೀವು ಬದಲಾವಣೆ ಸೇವ್ ಮಾಡಿಲ್ಲ, ಆದರೂ ಹೊರಗೆ ಹೋಗುತ್ತಿದ್ದೀರಿ ಅಂತ. ಇ212 ಅಂದರೆ ಆ ಜಾಗದಲ್ಲಿ ಫೈಲ್ ಬರೆಯಲು ಆಗುತ್ತಿಲ್ಲ, ಸಾಮಾನ್ಯವಾಗಿ ಅನುಮತಿ ಇಲ್ಲ ಅಥವಾ ಆ ಫೋಲ್ಡರೇ ಇಲ್ಲ. ಆಗ ಬರೆದದ್ದನ್ನು ಕೈಬಿಡಬೇಡಿ, ಕೋಲನ್, ಡಬ್ಲ್ಯೂ, ಒಂದು ಸ್ಪೇಸ್ ಕೊಟ್ಟು ನಿಮ್ಮ ಹೋಮ್ ಫೋಲ್ಡರಿನ ಒಂದು ಫೈಲ್ ಹೆಸರು ಕೊಟ್ಟರೆ ಅಲ್ಲಿ ಉಳಿಯುತ್ತದೆ.

ಇ325 ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಿಜಿಯಲ್ಲಿ ಕೂತು ದೂರದ ಸರ್ವರ್‌ನಲ್ಲಿ ಒಂದು ಉದ್ದದ ಕಾನ್ಫಿಗ್ ಫೈಲ್ ತಿದ್ದುತ್ತಿದ್ದೆ. ಕರೆಂಟ್ ಹೋಯ್ತು, ವೈಫೈ ಹೋಯ್ತು, ಕನೆಕ್ಷನ್ ಕಡಿಯಿತು. ಕರೆಂಟ್ ಬಂದ ಮೇಲೆ ಅದೇ ಫೈಲ್ ತೆರೆದರೆ ಪರದೆ ತುಂಬಾ ‘ಅಟೆನ್ಷನ್’ ಅಂತ ಒಂದು ದೊಡ್ಡ ಸಂದೇಶ. ಕೊನೆಯಲ್ಲಿ ಕೆಲವು ಆಯ್ಕೆಗಳು: ಓ, ಇ, ಆರ್, ಡಿ, ಕ್ಯೂ, ಎ. ನಾನು ಓದದೆ ಡಿ ಒತ್ತಿದೆ. ಡಿ ಅಂದರೆ ಡಿಲೀಟ್. ಸಂಜೆಯಿಡೀ ಸೇವ್ ಮಾಡದೆ ಬರೆದದ್ದು ಸ್ವಾಪ್ ಫೈಲ್‌ನಲ್ಲಿ ಉಳಿದುಕೊಂಡಿತ್ತು, ಅದನ್ನೇ ಅಳಿಸಿಬಿಟ್ಟೆ. ಆ ರಾತ್ರಿ ಎಲ್ಲವನ್ನೂ ಮತ್ತೆ ಬರೆಯಬೇಕಾಯ್ತು.

ವಿಮ್ ನಿಮ್ಮ ಬದಲಾವಣೆಗಳನ್ನು ಸ್ವಾಪ್ ಫೈಲ್‌ಗೆ ತಾನೇ ಬರೆಯುತ್ತಾ ಇರುತ್ತದೆ. 200 ಅಕ್ಷರ ಟೈಪ್ ಮಾಡಿದಾಗ, ಅಥವಾ ನೀವು 4 ಸೆಕೆಂಡ್ ಸುಮ್ಮನಿದ್ದಾಗ. ಹಾಗಾಗಿ ಈ ಸಂದೇಶ ಬಂದರೆ ಮೊದಲು ನೋಡಬೇಕಾದ್ದು, ಇದೇ ಫೈಲ್ ಇನ್ನೊಂದು ಟರ್ಮಿನಲ್‌ನಲ್ಲಿ ತೆರೆದಿದೆಯಾ ಅಂತ. ಇದ್ದರೆ ಕ್ಯೂ ಒತ್ತಿ ಅಲ್ಲಿಗೆ ಹೋಗಿ. ಇಲ್ಲ, ಕನೆಕ್ಷನ್ ಕಡಿದೇ ಹೀಗಾಗಿದೆ ಅಂದರೆ ಆರ್ ಒತ್ತಿ, ಅಂದರೆ ರಿಕವರ್. ಸಿಕ್ಕಿದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಹಳೆಯದರ ಜೊತೆ ಹೋಲಿಸಿ ನೋಡಿ, ಎಲ್ಲಾ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಸ್ವಾಪ್ ಫೈಲ್ ಅಳಿಸಿ.

ಪರದೆ ಹೆಪ್ಪುಗಟ್ಟಿದ ಹಾಗಿದೆ, ಏನು ಒತ್ತಿದರೂ ಅಲ್ಲಾಡಲ್ಲ.

ಸೇವ್ ಮಾಡೋಣ ಅಂತ ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಸ್ ಒತ್ತಿರುತ್ತೀರಿ. ಟರ್ಮಿನಲ್ ನಿಂತುಹೋಗಿದೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿ. ವಿಮ್ ಪೂರ್ತಿ ಮಾಯವಾಗಿ ಶೆಲ್, ಅಂದರೆ ಟರ್ಮಿನಲ್‌ನ ಕಮಾಂಡ್ ಸಾಲು, ಕಾಣುತ್ತಿದ್ದರೆ ಕಂಟ್ರೋಲ್ ಮತ್ತು ಝೆಡ್ ಒತ್ತಿದ್ದೀರಿ, ‘ಎಫ್‌ಜಿ’ ಅಂತ ಕೊಟ್ಟರೆ ವಾಪಸ್ ಬರುತ್ತದೆ.

ಯಾರದ್ದೋ ಕಾನ್ಫಿಗ್ ಕಾಪಿ ಮಾಡಿಕೊಂಡೆ. ಈಗ ವಿಚಿತ್ರವಾಗಿ ಆಡ್ತಿದೆ.

ದಯವಿಟ್ಟು ಹಾಗೆ ಮಾಡಬೇಡಿ, ಕಲಿಯುವ ಮೊದಲ ತಿಂಗಳಂತೂ ಬೇಡವೇ ಬೇಡ. 300 ಸಾಲಿನ ಬೇರೆಯವರ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳ ಫೈಲ್, ಹಾಕಿಕೊಂಡರೆ ಹೆಲ್ಪ್ ಹೇಳುವುದಕ್ಕೂ ನಿಮ್ಮ ಪರದೆಯಲ್ಲಿ ಆಗುವುದಕ್ಕೂ ತಾಳೆಯಾಗುವುದಿಲ್ಲ. ಆಗ ಯಾರೂ ನಿಮಗೆ ಸಹಾಯ ಮಾಡೋಕೆ ಆಗಲ್ಲ.

ತಪ್ಪು ಕಾನ್ಫಿಗ್‌ನದಾ, ವಿಮ್‌ನದಾ ಅಂತ ನೋಡಲು ‘ವಿಮ್’ ಮುಂದೆ ಸ್ಪೇಸ್ ಕೊಟ್ಟು, ಎರಡು ಅಡ್ಡಗೆರೆ ಹಾಕಿ ‘ಕ್ಲೀನ್’ ಅಂತ ಸೇರಿಸಿ ತೆರೆಯಿರಿ. ನಿಮ್ಮ ಕಾನ್ಫಿಗ್ ಮತ್ತು ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ಲಗಿನ್ ಯಾವುದೂ ಇಲ್ಲದೆ ತೆರೆಯುತ್ತದೆ. ಅಲ್ಲಿ ತೊಂದರೆ ಇಲ್ಲ ಅಂದರೆ ಕಾನ್ಫಿಗ್‌ನಲ್ಲೇ ಇದೆ. ಒಂದು ಸೆಟ್ಟಿಂಗ್ ಯಾವ ಫೈಲ್‌ನಿಂದ ಬಂತು ಅಂತ ತಿಳಿಯಲು ಕೋಲನ್ ಒತ್ತಿ ‘ವರ್ಬೋಸ್ ಸೆಟ್’, ಆಮೇಲೆ ಸೆಟ್ಟಿಂಗ್ ಹೆಸರು, ಅದಕ್ಕೆ ಅಂಟಿಸಿ ಪ್ರಶ್ನಾರ್ಥಕ ಚಿಹ್ನೆ ಕೊಡಿ. ಕೊನೆಗೆ ಅದನ್ನು ಬದಲಿಸಿದ ಫೈಲ್‌ನ ಹೆಸರನ್ನೂ ತೋರಿಸುತ್ತದೆ.

ಎಲ್ಲಾ ಹುಡುಕಿದೆ, ಸಿಗಲಿಲ್ಲ. ಯಾರನ್ನು ಕೇಳಲಿ, ಹೇಗೆ ಕೇಳಲಿ?

ಪಕ್ಕದ ಸೀಟಿನಲ್ಲಿ ವಿಮ್ ಬಳಸುವವರು ಇದ್ದರೆ ಮೊದಲು ಅವರನ್ನು ಕೇಳಿ. ಅವರ ಬೆರಳು ನೋಡಿದರೆ ಸಾಕು, ಎಷ್ಟೋ ಗೊತ್ತಾಗುತ್ತದೆ. ಇಲ್ಲದಿದ್ದರೆ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ವಿಐ ಮತ್ತು ವಿಮ್‌ಗೇ ಅಂತ ಒಂದು ಬೇರೆ ತಾಣ ಇದೆ, ಐಆರ್‌ಸಿ ಅನ್ನುವ ಹಳೆಯ ಚಾಟ್ ಪದ್ಧತಿ ಗೊತ್ತಿದ್ದವರಿಗೆ ಲಿಬೆರಾ ಚಾಟ್‌ನಲ್ಲಿ ವಿಮ್ ಚಾನೆಲ್ ಇದೆ.

ಎಲ್ಲಿ ಕೇಳಿದರೂ ‘ಪೇಸ್ಟ್ ಕೆಲಸ ಮಾಡ್ತಿಲ್ಲ, ಪ್ಲೀಸ್ ಹೆಲ್ಪ್’ ಅಂತ ಕೇಳಬೇಡಿ. ಅದನ್ನೇ ಹೀಗೆ ಬರೆಯಿರಿ: ‘ಉಬುಂಟು, ವಿಮ್ 9.1. ಬ್ರೌಸರ್‌ನಿಂದ ಹತ್ತು ಸಾಲು ಕಾಪಿ ಮಾಡಿ, ಇನ್ಸರ್ಟ್ ಮೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಒತ್ತಿದೆ. ಎಲ್ಲಾ ಸಾಲು ಎಡಕ್ಕೆ ಇರಬೇಕಿತ್ತು, ಆದರೆ ಒಂದೊಂದು ಸಾಲೂ ಮೆಟ್ಟಿಲ ಹಾಗೆ ಬಲಕ್ಕೆ ಸರಿಯುತ್ತಿದೆ. ಕ್ಲೀನ್ ಆಗಿ ತೆರೆದರೆ ಹೀಗಾಗಲ್ಲ.’ ಇದನ್ನು ಓದಿದವರಿಗೆ ಇದು ತಾನಾಗಿ ಬರುವ ಇಂಡೆಂಟ್‌ನ, ಅಂದರೆ ಸಾಲಿನ ಶುರುವಿನಲ್ಲಿ ಬಿಡುವ ಜಾಗದ, ತೊಂದರೆ ಅಂತ ಕೂಡಲೇ ತಿಳಿಯುತ್ತದೆ, ಎರಡು ಸಾಲಿನಲ್ಲಿ ಉತ್ತರ ಬರುತ್ತದೆ. ಆವೃತ್ತಿ ನೋಡಲು ಕೋಲನ್ ಒತ್ತಿ ‘ವರ್ಷನ್’. ಹಾರಿಹೋದ ಎರರ್ ಮತ್ತೆ ನೋಡಲು ಕೋಲನ್ ಒತ್ತಿ ‘ಮೆಸೇಜಸ್’. ಫೋಟೊ ಬೇಡ, ಪಠ್ಯವಾಗಿ ಕಾಪಿ ಮಾಡಿ ಹಾಕಿ.

ಎಐ ಚಾಟ್‌ಬಾಟ್ ಕೇಳಿದರೆ ಆಗಲ್ವಾ?

ಆಗುತ್ತದೆ. ಕನ್ನಡದಲ್ಲೂ ಕೇಳಬಹುದು, ಪದ ಗೊತ್ತಿಲ್ಲದಾಗ ‘ಇದಕ್ಕೆ ವಿಮ್‌ನಲ್ಲಿ ಏನಂತಾರೆ’ ಅಂತ ಕೇಳೋಕೆ ತುಂಬಾ ಒಳ್ಳೆಯದು. ಆದರೆ ಅದು ಕೆಲವು ಸಲ ವಿಮ್ ಮತ್ತು ನಿಯೋವಿಮ್ ಎರಡನ್ನೂ ಕಲಸಿಬಿಡುತ್ತದೆ, ಇಲ್ಲದ ಸೆಟ್ಟಿಂಗ್ ಹೆಸರನ್ನೂ ಧೈರ್ಯವಾಗಿ ಹೇಳುತ್ತದೆ. ಅದು ಕೊಟ್ಟ ಹೆಸರನ್ನು ಹೆಲ್ಪ್‌ಗೆ ಕೊಟ್ಟು ನೋಡಿ, ಆಮೇಲೆ ಬಳಸಿ. ಇ518 ಬಂತು ಅಂದರೆ ಅಂಥ ಸೆಟ್ಟಿಂಗ್ ನಿಮ್ಮ ವಿಮ್‌ನಲ್ಲಿ ಇಲ್ಲ.

ಕನ್ನಡ ಟೈಪ್ ಮಾಡ್ತಿದ್ದೆ, ಇದ್ದಕ್ಕಿದ್ದಂತೆ ಯಾವ ಕಮಾಂಡೂ ಕೆಲಸ ಮಾಡ್ತಿಲ್ಲ.

ಕೀಬೋರ್ಡ್ ಕನ್ನಡದಲ್ಲೇ ಇದೆ. ಎಸ್ಕೇಪ್ ಒತ್ತಿ ನಾರ್ಮಲ್ ಮೋಡ್‌ಗೆ ಬಂದರೂ ವಿಮ್‌ಗೆ ಹೋಗುತ್ತಿರುವುದು ಕನ್ನಡ ಅಕ್ಷರ, ಅದಕ್ಕೆ ಆ ಅಕ್ಷರದ ಕಮಾಂಡ್ ಯಾವುದೂ ಗೊತ್ತಿಲ್ಲ. ಇಂಗ್ಲಿಷ್‌ಗೆ ಬದಲಿಸಿ, ಸರಿಹೋಗುತ್ತದೆ. ಒತ್ತಕ್ಷರ ಒಡೆದು ಕಂಡರೆ ಹೆದರಬೇಡಿ, ಅದು ಬಹಳ ಸಲ ಟರ್ಮಿನಲ್ ತೋರಿಸುವ ರೀತಿಯ ತೊಂದರೆ, ಫೈಲ್ ಕೆಟ್ಟಿರುವುದಿಲ್ಲ. ಅನುಮಾನ ಇದ್ದರೆ ಕರ್ಸರನ್ನು ಅಕ್ಷರದ ಮೇಲಿಟ್ಟು ಜಿ, ಎ ಒತ್ತಿ. ‘ಕ’ ಮೇಲೆ ಇದ್ದರೆ ಯೂನಿಕೋಡ್ ಸಂಖ್ಯೆ 3221 ಅಂತ ಕೆಳಗೆ ತೋರಿಸುತ್ತದೆ. ಅದು ಬಂದರೆ ಅಕ್ಷರ ಸರಿಯಾಗಿಯೇ ಇದೆ.

ನ್ಯಾನೋ ಸಾಕಲ್ವಾ?

ನ್ಯಾನೋ ಟರ್ಮಿನಲ್‌ನ ಇನ್ನೊಂದು ಸರಳ ಎಡಿಟರ್, ಎರಡು ಸಾಲು ತಿದ್ದೋಕೆ ಸಾಕು. ಅದರಲ್ಲಿ ಸಹಾಯ ಪರದೆಯ ಕೆಳಗೇ ಬರೆದಿರುತ್ತದೆ, ಆ ಟೋಪಿಯಂಥ ಗುರುತು ಕಂಟ್ರೋಲ್ ಕೀ ಅಂತ ಗೊತ್ತಿದ್ದರೆ ಆಯ್ತು. ದಿನವಿಡೀ ಟರ್ಮಿನಲ್‌ನಲ್ಲೇ ಕೆಲಸ ಮಾಡುವವರು ಮಾತ್ರ ವಿಮ್‌ಗೆ ಸಮಯ ಕೊಡಿ.

ಖಾಲಿ ವಿಮ್ ತೆರೆದರೆ ಉಗಾಂಡಾದ ಮಕ್ಕಳ ಬಗ್ಗೆ ಏನೋ ಬರುತ್ತದಲ್ಲ, ಅದೇನು?

ವಿಮ್ ಮಾಡಿದವರು ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೋಲೆನಾರ್. 1991ರಲ್ಲಿ ಅಮಿಗಾ ಕಂಪ್ಯೂಟರ್‌ಗೆ ಅಂತ ಮೊದಲು ಬಿಡುಗಡೆ ಮಾಡಿದರು. ತೊಂಬತ್ತರ ದಶಕದಲ್ಲಿ ಉಗಾಂಡಾದ ದಕ್ಷಿಣದ ಕಿಬಾಲೆ ಅನ್ನುವ ಊರಿನ ಮಕ್ಕಳ ಕೇಂದ್ರದಲ್ಲಿ ಅವರು ಕೆಲಸ ಮಾಡಿದ್ದರು. ವಿಮ್ ಬಳಸೋಕೆ ದುಡ್ಡು ಬೇಡ, ಇಷ್ಟ ಆದರೆ ಆ ಮಕ್ಕಳಿಗೆ ಕೊಡಿ ಅಂತ ಕೇಳಿಕೊಂಡರು. ‘ಹೆಲ್ಪ್ ಉಗಾಂಡಾ’ ಅಂತ ಕೊಟ್ಟರೆ ಅದರ ವಿವರ ಇದೆ, ಒಂದು ಸಲ ಓದಿ.

ಬ್ರಾಮ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಮುಂದಿನ ಆವೃತ್ತಿ 9.1 ಬಂದದ್ದು 2024ರ ಜನವರಿ 2ರಂದು, ಅದನ್ನು ಅವರ ನೆನಪಿಗೆ ಅರ್ಪಿಸಿದರು. ಈಗ ಕ್ರಿಶ್ಚಿಯನ್ ಬ್ರಾಬಾಂಟ್ ಮತ್ತು ಇನ್ನೂ ಕೆಲವರು ನೋಡಿಕೊಳ್ಳುತ್ತಿದ್ದಾರೆ, ಹೆಲ್ಪ್ ಪುಟಗಳೂ ಬದಲಾಗುತ್ತಲೇ ಇವೆ. ಮುಂದಿನ ಸಲ ಯಾವುದಾದರೂ ಹೆಲ್ಪ್ ಫೈಲ್ ತೆರೆದಾಗ ಅದರ ಮೇಲ್ತುದಿಗೆ ಹೋಗಿ ನೋಡಿ. ಕೊನೆಯ ಸಲ ತಿದ್ದಿದ ದಿನಾಂಕ ಇರುತ್ತದೆ, ಅದರ ಕೆಳಗೆ ಎಷ್ಟೋ ಫೈಲ್‌ಗಳಲ್ಲಿ ‘ವಿಮ್ ರೆಫರೆನ್ಸ್ ಮ್ಯಾನ್ಯುಯಲ್, ಬ್ರಾಮ್ ಮೋಲೆನಾರ್’ ಅಂತ ಇರುತ್ತದೆ.